ಬೇಸ್‌ಬಾಲ್ ಅಂಕಣದ ಅಳತೆ: ಒಂದು ಮೂಲೆ, ಒಂದು ಲಂಬಕೋನ

ಕ್ರಿಕೆಟ್ ಮೈದಾನವನ್ನು ನಾವು ನಡುವಿನಿಂದ ಅಳೆಯುತ್ತೇವೆ. ಮೊದಲು 22 ಗಜದ ಪಿಚ್, ಆಮೇಲೆ ಅದರ ಸುತ್ತ ಬೌಂಡರಿ. ಬೇಸ್‌ಬಾಲ್ ಅಂಕಣದ ಲೆಕ್ಕ ಹಾಗಲ್ಲ. ಅದು ಒಂದು ಮೂಲೆಯಿಂದ ಹೊರಟು ಬೀಸಣಿಗೆಯ ಹಾಗೆ ಒಂದೇ ಕಡೆಗೆ ಬಿಚ್ಚಿಕೊಳ್ಳುತ್ತದೆ. ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಎರಡೂ ಶಾಲಾ ಕ್ರೀಡೆಗಳ ಪಟ್ಟಿಯಲ್ಲಿರುವುದರಿಂದ, ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ದೈಹಿಕ ಶಿಕ್ಷಕರು ಒಂದಲ್ಲ ಒಂದು ದಿನ ಟೇಪು, ಗೂಟ, ಸುಣ್ಣದ ಪುಡಿ ಹಿಡಿದು ಈ ಅಂಕಣವನ್ನು ಗುರುತು ಮಾಡಬೇಕಾಗುತ್ತದೆ. ನಿಯಮ ಪುಸ್ತಕದ ಚಿತ್ರದಲ್ಲಿ ಹತ್ತಾರು ಸಂಖ್ಯೆಗಳು ಒಟ್ಟಿಗೆ ಕಾಣಿಸಿದಾಗ ಗಾಬರಿಯಾಗುವುದು ಸಹಜ. ಆದರೆ ಆ ಸಂಖ್ಯೆಗಳೆಲ್ಲವೂ ಒಂದೇ ಬಿಂದುವನ್ನು ಅವಲಂಬಿಸಿವೆ ಎಂಬುದು ತಿಳಿದರೆ ಕೆಲಸ ಬಹುಮಟ್ಟಿಗೆ ಸುಲಭವಾಗುತ್ತದೆ. ಆ ಬಿಂದುವೇ, ಬ್ಯಾಟರ್ ಪಕ್ಕದಲ್ಲಿ ನಿಂತು ಹೊಡೆಯುವ ಹೋಮ್ ಪ್ಲೇಟಿನ ಹಿಂಬದಿಯ ಚೂಪು ತುದಿ.

ಹೋಮ್ ಪ್ಲೇಟು ಬಿಳಿ ರಬ್ಬರಿನ ಐದು ಬದಿಯ ಹಲಗೆ. ಚೆಂಡೆಸೆಯುವ ಪಿಚರ್ ಕಡೆಗಿರುವ ಮುಂಬದಿ 17 ಇಂಚು, ಅಂದರೆ 43.2 ಸೆಂಟಿಮೀಟರ್. ಅದರ ಎರಡು ಪಕ್ಕದ ಬದಿಗಳು ತಲಾ ಎಂಟೂವರೆ ಇಂಚು; ಅಲ್ಲಿಂದ ತಲಾ 12 ಇಂಚಿನ ಎರಡು ಓರೆ ಬದಿಗಳು ಹೊರಟು ಹಿಂದೆ ಒಂದು ಬಿಂದುವಿನಲ್ಲಿ ಕೂಡುತ್ತವೆ. 1900ಕ್ಕೆ ಮೊದಲು ಇದು 12 ಇಂಚಿನ ಚೌಕವಾಗಿದ್ದು, ಮೂಲೆಯನ್ನು ಮುಂದೆ ಮಾಡಿ ಹೂಳಲಾಗುತ್ತಿತ್ತು. ಚೆಂಡು ಪ್ಲೇಟಿನ ಮೇಲೆ ಹಾದುಹೋಯಿತೇ ಇಲ್ಲವೇ ಎಂದು ಪಿಚರ್‌ಗೂ ಅಂಪೈರ್‌ಗೂ ಸ್ಪಷ್ಟವಾಗಿ ಕಾಣಲೆಂದು ಆ ಚೌಕದ ಮುಂಭಾಗವನ್ನು ತುಂಬಿ ಇಂದಿನ ಐದು ಬದಿಯ ಆಕಾರ ಕೊಟ್ಟರು. ಇಲ್ಲಿ ಗಣಿತದ ಮೇಷ್ಟ್ರು ಗಮನಿಸಬೇಕಾದ ಒಂದು ಸಂಗತಿಯಿದೆ. ಹಿಂಬದಿಯ ತುದಿಯಲ್ಲಿ ಲಂಬಕೋನವಿರಬೇಕು. ಆದರೆ 12ರ ವರ್ಗ ಮತ್ತು 12ರ ವರ್ಗ ಕೂಡಿದರೆ 288, 17ರ ವರ್ಗವಾದರೋ 289. ಪೈಥಾಗೊರಸ್ ಪ್ರಮೇಯದ ಪ್ರಕಾರ ನಿಯಮದಲ್ಲಿ ಬರೆದ ಈ ಮೂರು ಅಳತೆಗಳೂ ಲಂಬಕೋನವೂ ಒಟ್ಟಿಗೆ ಸಾಧ್ಯವಿಲ್ಲ. ವ್ಯತ್ಯಾಸ ಅರ್ಧ ಮಿಲಿಮೀಟರಿನಷ್ಟು ಮಾತ್ರವಾದ್ದರಿಂದ ಆಟಕ್ಕೆ ತೊಂದರೆಯಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಪೈಥಾಗೊರಸ್ ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆ ಚೂಪು ತುದಿಯಿಂದ ಎರಡು ಗೆರೆಗಳು ಪರಸ್ಪರ ಲಂಬವಾಗಿ ಹೊರಡುತ್ತವೆ. ಪಿಚರ್ ಕಡೆಗೆ ಮುಖ ಮಾಡಿ ನಿಂತರೆ ಬಲಗಡೆಯದು ಮೊದಲ ಬೇಸಿನ ಗೆರೆ, ಎಡಗಡೆಯದು ಮೂರನೇ ಬೇಸಿನ ಗೆರೆ. ಬೇಸು ಎಂದರೆ ಓಡುವವನು ಮುಟ್ಟಬೇಕಾದ ಚೌಕ ಮೆತ್ತೆ; ಈ ಎರಡು ಗೆರೆಗಳನ್ನೇ ಫೌಲ್ ಗೆರೆಗಳು ಎನ್ನುತ್ತಾರೆ. ಪ್ಲೇಟಿನ ಎರಡು ಓರೆ ಬದಿಗಳು ಈ ಗೆರೆಗಳ ಮೇಲೆಯೇ ಕೂರುತ್ತವೆ. ಎರಡೂ ಗೆರೆಗಳ ಮೇಲೆ 90 ಅಡಿ, ಅಂದರೆ 27.43 ಮೀಟರ್ ಅಳೆದು, ಆ ಎರಡು ಬಿಂದುಗಳಿಂದ ಚೌಕವನ್ನು ಪೂರ್ತಿ ಮಾಡಿದರೆ ನಾಲ್ಕನೇ ಮೂಲೆಯಲ್ಲಿ ಎರಡನೇ ಬೇಸು ಬರುತ್ತದೆ. ಡೈಮಂಡ್ ಎಂದು ಕರೆಯುವುದು ಈ ಚೌಕವನ್ನೇ. ಪ್ಲೇಟಿನ ಹಿಂದೆ ನಿಂತು ನೋಡುವವನಿಗೆ ವಜ್ರಾಕಾರವಾಗಿ ಕಂಡರೂ ಅದು ನಾಲ್ಕೂ ಬದಿ ಸಮನಾದ ಚೌಕವೇ. ಅದರ ವಿಸ್ತೀರ್ಣ 8,100 ಚದರ ಅಡಿ. ನಮ್ಮ ಲೆಕ್ಕದಲ್ಲಿ ಏಳೂವರೆ ಗುಂಟೆಗೆ ಸ್ವಲ್ಪ ಕಡಿಮೆ.

90 ಅಡಿ ಎಂಬ ಅಂತರ 1857ರಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳ ಸಮಾವೇಶದಲ್ಲಿ ನಿಗದಿಯಾಯಿತು. ಅದಕ್ಕೂ ಮುಂಚೆ, 1845ರ ನಿಕರ್‌ಬಾಕರ್ ಕ್ಲಬ್ಬಿನ ನಿಯಮಗಳಲ್ಲಿ, ಹೋಮ್‌ನಿಂದ ಎರಡನೇ ಬೇಸಿಗೆ 42 ಹೆಜ್ಜೆ, ಮೊದಲನೆಯದರಿಂದ ಮೂರನೆಯದಕ್ಕೆ 42 ಹೆಜ್ಜೆ ಎಂದಷ್ಟೇ ಇತ್ತು. ಹೆಜ್ಜೆಗೆ ಮೂರು ಅಡಿ ಎಂದಿಟ್ಟುಕೊಂಡರೆ 126 ಅಡಿ. ಇಂದಿನ ಕರ್ಣಕ್ಕೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. 90 ಅಡಿ ಇಷ್ಟು ಕಾಲ ಉಳಿದುಬಂದಿರುವುದಕ್ಕೆ ಕಾರಣ ಆಟದಲ್ಲೇ ಇದೆ. ನೆಲದ ಮೇಲೆ ಉರುಳಿದ ಚೆಂಡನ್ನು ಎರಡನೇ ಮತ್ತು ಮೂರನೇ ಬೇಸುಗಳ ನಡುವೆ ನಿಲ್ಲುವ ಫೀಲ್ಡರ್, ಅಂದರೆ ಶಾರ್ಟ್‌ಸ್ಟಾಪ್, ಹಿಡಿದು ಮೊದಲ ಬೇಸಿಗೆ ಎಸೆಯಲು ಬೇಕಾಗುವ ಸಮಯವೂ, ಬ್ಯಾಟರ್ ಅಲ್ಲಿಗೆ ಓಡಿ ತಲುಪಲು ಬೇಕಾಗುವ ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚಿನ ಸಮಯವೂ ಬಹುಪಾಲು ಸಮಸಮವಾಗಿ ಬರುತ್ತವೆ. ಕೆಲವು ಅಡಿ ಕಡಿಮೆ ಮಾಡಿದ್ದರೆ ಓಡುವವನೇ ಸದಾ ಗೆಲ್ಲುತ್ತಿದ್ದ, ಹೆಚ್ಚು ಮಾಡಿದ್ದರೆ ಎಸೆಯುವವನು.

ಗುರುತು ಮಾಡುವ ಕ್ರಮಕ್ಕೆ ಬರೋಣ. ಕೋನಮಾಪಕದ ಅಗತ್ಯವೇ ಇಲ್ಲದ ವಿಧಾನವೊಂದನ್ನು ನಿಯಮ ಪುಸ್ತಕವೇ ಹೇಳಿಕೊಡುತ್ತದೆ. ಹೋಮ್ ಪ್ಲೇಟಿನ ತುದಿ ಬರಬೇಕಾದಲ್ಲಿ ಒಂದು ಗೂಟ ಹೊಡೆಯಬೇಕು. ಅಲ್ಲಿಂದ ಎರಡನೇ ಬೇಸಿನ ದಿಕ್ಕಿಗೆ 127 ಅಡಿ 3 3/8 ಇಂಚು ಎಂದೆಲ್ಲ ಗೊಂದಲಕ್ಕೆ ಎಡೆಗೊಡದೆ, ಮೀಟರ್ ಲೆಕ್ಕದಲ್ಲಿ 38.79 ಮೀಟರ್ ಅಳೆದು ಎರಡನೇ ಗೂಟ ಹೊಡೆಯಬೇಕು. ಈಗ ಒಂದು ಟೇಪಿನ ಸೊನ್ನೆಯನ್ನು ಮೊದಲ ಗೂಟಕ್ಕೂ ಇನ್ನೊಂದರ ಸೊನ್ನೆಯನ್ನು ಎರಡನೇ ಗೂಟಕ್ಕೂ ಹಿಡಿದು, ಬಲಗಡೆಗೆ ಎರಡನ್ನೂ ಬಿಗಿಯಾಗಿ ಎಳೆದು, ಎರಡರ ಮೇಲಿನ 27.43 ಮೀಟರ್ ಗುರುತುಗಳು ಒಂದಕ್ಕೊಂದು ತಾಗುವ ಜಾಗವನ್ನು ಹುಡುಕಬೇಕು. ಅದೇ ಮೊದಲ ಬೇಸಿನ ಬಿಂದು. ಟೇಪುಗಳನ್ನು ಎಡಗಡೆಗೆ ತಿರುಗಿಸಿ ಅದೇ ಕೆಲಸ ಮಾಡಿದರೆ ಮೂರನೇ ಬೇಸಿನ ಬಿಂದು ಸಿಗುತ್ತದೆ. ಕೊನೆಗೆ ಮೊದಲನೆಯದರಿಂದ ಮೂರನೆಯದಕ್ಕೆ ಅಡ್ಡಲಾಗಿ ಅಳೆದು ನೋಡಬೇಕು, ಅಲ್ಲಿಯೂ 38.79 ಮೀಟರೇ ಬಂದರೆ ನಾಲ್ಕೂ ಕೋನಗಳು ಲಂಬವಾಗಿವೆ ಎಂದರ್ಥ. ಈ ಕೊನೆಯ ಅಡ್ಡ ಅಳತೆಯನ್ನು ಬಿಡಲೇಬಾರದು ಎಂಬುದು ನನ್ನ ಒತ್ತಾಯ. ಮೊದಲ ಬೇಸಿನ ಬಳಿ ಗೆರೆ ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿದಿದ್ದರೆ, ಅದೇ ಗೆರೆ 99 ಮೀಟರ್ ದೂರದ ಬೇಲಿಯನ್ನು ತಲುಪುವಷ್ಟರಲ್ಲಿ ಏಳು ಸೆಂಟಿಮೀಟರಿಗಿಂತ ಹೆಚ್ಚು ಸರಿದಿರುತ್ತದೆ.

ನಮ್ಮ ಬಹಳಷ್ಟು ಶಾಲೆಗಳಲ್ಲಿರುವುದು 30 ಮೀಟರ್ ಟೇಪು. ಅದರಿಂದ ಕರ್ಣವನ್ನು ಒಂದೇ ಎಳೆತಕ್ಕೆ ಅಳೆಯಲಾಗದು. ಅಂತಹ ಕಡೆ ಗಾರೆ ಕೆಲಸದವರು ಪಾಯ ತೆಗೆಯುವ ಮುನ್ನ ಮೂಲೆಮಟ್ಟ ಹಿಡಿಯುವ ಕ್ರಮವೇ ಸಾಕು: ತುದಿಯಿಂದ ಒಂದು ಗೆರೆಯ ಮೇಲೆ 9 ಮೀಟರ್, ಇನ್ನೊಂದರ ಮೇಲೆ 12 ಮೀಟರ್ ಗುರುತಿಸಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 15 ಮೀಟರ್ ಬರುವಂತೆ ಹೊಂದಿಸಿದರೆ ಲಂಬಕೋನ ಸಿದ್ಧ. ಬಟ್ಟೆಯ ಟೇಪು ಹಳೆಯದಾದಂತೆ ಎಳೆದಷ್ಟೂ ಹಿಗ್ಗುತ್ತದೆ. ಉಕ್ಕಿನ ಟೇಪು ಸಿಕ್ಕರೆ ಅದನ್ನೇ ಬಳಸುವುದು ಒಳ್ಳೆಯದು.

ಗೂಟಗಳು ಸರಿಯಾದ ಮೇಲೆ ಬೇಸುಗಳನ್ನು ಕೂರಿಸುವಾಗ ಹೆಚ್ಚಿನ ತಪ್ಪುಗಳಾಗುತ್ತವೆ. ಮೊದಲ ಮತ್ತು ಮೂರನೇ ಬೇಸುಗಳು ಪೂರ್ತಿಯಾಗಿ ಚೌಕದ ಒಳಗೇ ಇರಬೇಕು. ಅವುಗಳ ಹೊರ ಅಂಚು ಫೌಲ್ ಗೆರೆಗೆ ಸರಿಹೊಂದಬೇಕು, ದೂರದ ಅಂಚು 27.43 ಮೀಟರಿಗೆ ಮುಗಿಯಬೇಕು. ಎರಡನೇ ಬೇಸು ಮಾತ್ರ ಇದಕ್ಕೆ ಹೊರತು: ಅದರ ನಡುಬಿಂದು ಗೂಟದ ಮೇಲೆ ಬರುತ್ತದೆ. ಬೇಸುಗಳನ್ನು ಒಳಗಿಡುವುದಕ್ಕೆ ಕಾರಣವಿದೆ. ಫೌಲ್ ಗೆರೆಯೂ, ಅದರ ತುದಿಯಲ್ಲಿ ಬೇಲಿಯ ಬಳಿ ನಿಲ್ಲಿಸುವ ಫೌಲ್ ಕಂಬವೂ ಹೆಸರಿಗೆ ಫೌಲ್ ಆದರೂ ನಿಯಮದ ಪ್ರಕಾರ ಆಟದ ಒಳಗಿನ ಜಾಗಕ್ಕೇ ಸೇರಿವೆ. ಚೆಂಡು ಗೆರೆಗೆ ತಾಗಿದರೂ, ಬೇಸಿಗೆ ತಾಗಿದರೂ ಅದು ಸರಿಯಾದ ಹೊಡೆತವೇ. ನೆಲ ಮುಟ್ಟದೆ ಕಂಬಕ್ಕೆ ಬಡಿದರೆ ಹೋಮ್ ರನ್, ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ. ಬೇಸು ಗೆರೆಯಿಂದ ಆಚೆಗೆ ಚಾಚಿಕೊಂಡಿದ್ದರೆ ಅಂಪೈರ್ ಯಾವುದನ್ನು ನಂಬಬೇಕು ಎಂಬುದೇ ತಿಳಿಯದಾಗುತ್ತದೆ.

ಬೇಸಿನ ಗಾತ್ರ ಬಹುಕಾಲ 15 ಇಂಚಿನ ಚೌಕವಾಗಿತ್ತು. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗಾದ ಮೇಜರ್ ಲೀಗ್ 2023ರಲ್ಲಿ ಅದನ್ನು 18 ಇಂಚಿಗೆ ಹಿಗ್ಗಿಸಿತು. ಗೂಟಗಳು ಇದ್ದಲ್ಲೇ ಇದ್ದರೂ ಬೇಸುಗಳ ಅಂಚುಗಳು ಹತ್ತಿರ ಬಂದವು: ಹೋಮ್ ಮತ್ತು ಮೊದಲ ಬೇಸಿನ ನಡುವಿನ ಓಟ 3 ಇಂಚು ಕಡಿಮೆಯಾಯಿತು, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನದು ನಾಲ್ಕೂವರೆ ಇಂಚು. ಈ ವ್ಯತ್ಯಾಸ ಏಕೆಂದರೆ, ಮೊದಲ ಬೇಸು ಒಳಗಡೆಗೆ ಪೂರ್ತಿ 3 ಇಂಚು ಬೆಳೆದರೆ, ಗೂಟದ ಮೇಲೆ ನಡುವಿಟ್ಟು ಕೂತ ಎರಡನೇ ಬೇಸು ಪ್ರತಿ ಕಡೆಗೂ ಒಂದೂವರೆ ಇಂಚು ಮಾತ್ರ ಬೆಳೆಯುತ್ತದೆ.

ಹೋಮ್ ಪ್ಲೇಟಿನ ಎರಡೂ ಪಕ್ಕ 6 ಇಂಚು ಬಿಟ್ಟು, 4 ಅಡಿ ಅಗಲ, 6 ಅಡಿ ಉದ್ದದ ಬ್ಯಾಟರ್ ಚೌಕಟ್ಟುಗಳನ್ನು ಸುಣ್ಣದಲ್ಲಿ ಎಳೆಯುತ್ತಾರೆ. ಮೊದಲ ಬೇಸಿನ ಕಡೆಗಿನ ಓಟದ ಕೊನೆಯ ಅರ್ಧ, ಅಂದರೆ 45 ಅಡಿಯಷ್ಟು, ಫೌಲ್ ಗೆರೆಯ ಹೊರಗೆ 3 ಅಡಿ ದೂರದಲ್ಲಿ ಇನ್ನೊಂದು ಗೆರೆ ಬರುತ್ತದೆ. ಎಸೆತಕ್ಕೆ ಅಡ್ಡಬಾರದಂತೆ ಓಡಲು ಅದು ದಾರಿ.

ಪಿಚರ್ ನಿಲ್ಲುವ ಜಾಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಚಿತ್ರ ನೋಡಿದವರೆಲ್ಲ ಅದು ಚೌಕದ ನಟ್ಟನಡುವೆ ಇದೆ ಎಂದುಕೊಳ್ಳುತ್ತಾರೆ. ಅದು ನಡುವೆ ಇಲ್ಲ. ಕರ್ಣದ ಅರ್ಧ 19.40 ಮೀಟರ್, ಪಿಚರ್‌ನ ರಬ್ಬರ್ ಪಟ್ಟಿಯ ಮುಂದಿನ ಅಂಚು ಹೋಮ್ ಪ್ಲೇಟಿನ ತುದಿಯಿಂದ 60 ಅಡಿ 6 ಇಂಚು, ಅಂದರೆ 18.44 ಮೀಟರ್. ಹಾಗಾಗಿ ಅದು ನಡುಬಿಂದುವಿಗಿಂತ ಸುಮಾರು ಒಂದು ಮೀಟರ್ ಬ್ಯಾಟರ್‌ಗೆ ಹತ್ತಿರ ಬರುತ್ತದೆ. ಮೊದಲ ಮತ್ತು ಮೂರನೇ ಬೇಸುಗಳ ನಡುವೆ ದಾರ ಕಟ್ಟಿ ಅದರ ಮಧ್ಯದಲ್ಲಿ ಪಟ್ಟಿ ಹೂಳಿದರೆ ಪಿಚರ್ ಅಷ್ಟರಮಟ್ಟಿಗೆ ಹಿಂದೆ ಸರಿದಂತಾಗಿ ಆಟದ ಸಮತೋಲವೇ ಕೆಡುತ್ತದೆ. ಪಟ್ಟಿಯ ಅಳತೆ 24 ಇಂಚು ಉದ್ದ, 6 ಇಂಚು ಅಗಲ.

60 ಅಡಿಯ ಮೇಲೆ ಆ ಆರು ಇಂಚು ಎಲ್ಲಿಂದ ಬಂತು? 1893ಕ್ಕೆ ಮುಂಚೆ ಪಿಚರ್ ಒಂದು ಚೌಕಟ್ಟಿನೊಳಗಿಂದ ಎಸೆಯುತ್ತಿದ್ದ. ಅದರ ಹಿಂಬದಿಯ ಗೆರೆ ಪ್ಲೇಟಿನಿಂದ 55 ಅಡಿ 6 ಇಂಚು ದೂರದಲ್ಲಿತ್ತು. ಎಸೆತಗಾರರ ವೇಗಕ್ಕೆ ಬ್ಯಾಟರ್‌ಗಳು ಸೋಲುತ್ತಿದ್ದುದರಿಂದ ಆ ವರ್ಷ ಚೌಕಟ್ಟನ್ನು ತೆಗೆದು, ಹಿಂಬದಿಯ ಗೆರೆಯನ್ನು ಐದು ಅಡಿ ಹಿಂದಕ್ಕೆ ಸರಿಸಿ, ಅಲ್ಲಿ ರಬ್ಬರ್ ಪಟ್ಟಿ ಹಾಕಿದರು. ಅಲ್ಲಿಂದೀಚೆಗೆ ಆ ಅಳತೆ ಬದಲಾಗಿಲ್ಲ.

ಪಟ್ಟಿ ಇರುವುದು ಸಮತಟ್ಟು ನೆಲದ ಮೇಲಲ್ಲ, ದಿಬ್ಬದ ಮೇಲೆ. ದಿಬ್ಬ 18 ಅಡಿ ವ್ಯಾಸದ ವೃತ್ತ. ಅದರ ನಡುಬಿಂದು ಪ್ಲೇಟಿನ ತುದಿಯಿಂದ 59 ಅಡಿಗೆ ಬರುತ್ತದೆ, ಅಂದರೆ ಪಟ್ಟಿಯು ದಿಬ್ಬದ ನಡುವಿಗಿಂತ ಒಂದೂವರೆ ಅಡಿ ಹಿಂದಿರುತ್ತದೆ. ಪಟ್ಟಿಯ ಮೇಲ್ಮೈ ಹೋಮ್ ಪ್ಲೇಟಿಗಿಂತ 10 ಇಂಚು ಎತ್ತರದಲ್ಲಿರಬೇಕು. ಪಟ್ಟಿಯ ಮುಂದೆ 6 ಇಂಚು ಸಮವಾಗಿಟ್ಟು, ಅಲ್ಲಿಂದ ಆರು ಅಡಿಯವರೆಗೆ ಪ್ರತಿ ಅಡಿಗೆ ಒಂದು ಇಂಚಿನಂತೆ ಇಳಿಜಾರು ಕೊಡಬೇಕು. ಈ ಎತ್ತರಕ್ಕೂ ಒಂದು ಇತಿಹಾಸವಿದೆ. 1968ರವರೆಗೆ ದಿಬ್ಬ 15 ಇಂಚು ಇತ್ತು. ಆ ವರ್ಷ ಬಾಬ್ ಗಿಬ್ಸನ್ ಎಂಬ ಪಿಚರ್ ಪ್ರತಿ ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 1.12 ರನ್ ಮಾತ್ರ ಬಿಟ್ಟುಕೊಟ್ಟ. ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ ಆ ಸಲ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗನಾದ ಕಾರ್ಲ್ ಯಸ್ಟ್ರೆಮ್ಸ್ಕಿಯ ಸರಾಸರಿ .301 ಅಷ್ಟೇ, ಅಂದರೆ ಹತ್ತು ಸರದಿಗೆ ಸುಮಾರು ಮೂರು ಯಶಸ್ವಿ ಹೊಡೆತ. ಮರುವರ್ಷವೇ ದಿಬ್ಬವನ್ನು ಐದು ಇಂಚು ತಗ್ಗಿಸಿದರು. ಮಣ್ಣಿನ ಐದು ಇಂಚು ಇಡೀ ಆಟದ ತೂಕವನ್ನು ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಆದ್ದರಿಂದ ಬುಟ್ಟಿಯಲ್ಲಿ ಮಣ್ಣು ತಂದು ಕಣ್ಣಂದಾಜಿನಲ್ಲಿ ದಿಬ್ಬ ಕಟ್ಟುವುದು ಸರಿಯಲ್ಲ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಿಯೇ ಕಟ್ಟಬೇಕು. ಮೈಸೂರಿನ ಕೆಮ್ಮಣ್ಣು ಒಣಗಿದರೆ ಉದುರುತ್ತದೆ, ಪಿಚರ್‌ನ ಕಾಲು ಬೀಳುವ ಜಾಗದಲ್ಲಿ ಬೇಗ ಗುಂಡಿಯಾಗುತ್ತದೆ. ಅದಕ್ಕೆ ಜೇಡಿಮಣ್ಣು ಬೆರೆಸಿ, ನೀರು ಚಿಮುಕಿಸಿ, ಪದರ ಪದರವಾಗಿ ದಮ್ಮಸು ಹೊಡೆದರೆ ನಿಲ್ಲುತ್ತದೆ.

ಪಟ್ಟಿಯ ನಡುವಿನಿಂದ 95 ಅಡಿ, ಅಂದರೆ 28.96 ಮೀಟರ್ ತ್ರಿಜ್ಯದ ಕಮಾನು ಎಳೆದರೆ ಬೇಸುಗಳ ಸುತ್ತಲಿನ ಆಟದ ಜಾಗ, ಅಂದರೆ ಇನ್‌ಫೀಲ್ಡ್, ಇದರ ಮಣ್ಣಿನ ಹೊರ ಅಂಚು ಸಿಗುತ್ತದೆ, ಅದರಾಚೆ ಹುಲ್ಲು. ಹುಲ್ಲೇ ಇಲ್ಲದ ನಮ್ಮ ಮೈದಾನಗಳಲ್ಲಿ ಈ ಕಮಾನನ್ನು ಬಿಟ್ಟುಬಿಡುವುದುಂಟು. ಆದರೆ ಪಿಚರ್ ಪಟ್ಟಿಯ ಮೇಲಿರುವಾಗ ನಾಲ್ವರು ಇನ್‌ಫೀಲ್ಡರ್‌ಗಳೂ ಆ ಅಂಚಿನ ಒಳಗೇ ಕಾಲಿಟ್ಟಿರಬೇಕು ಎಂಬ ನಿಯಮ ಮೇಜರ್ ಲೀಗಿನಲ್ಲಿ 2023ರಿಂದ ಬಂದಿರುವುದರಿಂದ, ಅದನ್ನು ಸುಣ್ಣದಲ್ಲಿ ತೋರಿಸುವುದು ಒಳ್ಳೆಯ ರೂಢಿ.

ಹುಲ್ಲಿನ ಅಂಚೊಂದನ್ನು ಬಿಟ್ಟರೆ ಇಲ್ಲಿಯವರೆಗಿನ ಅಳತೆಗಳಲ್ಲಿ ಸ್ವಾತಂತ್ರ್ಯವಿಲ್ಲ. ಕಮಾನಿನಾಚೆಗೆ ಹೋದೊಡನೆ ನಿಯಮ ಸಡಿಲವಾಗುತ್ತದೆ. ಹೋಮ್‌ನಿಂದ ಬೇಲಿಗೆ ಕನಿಷ್ಠ 250 ಅಡಿ ಇರಬೇಕು. ಫೌಲ್ ಗೆರೆಗಳ ಮೇಲೆ 320 ಅಡಿ, ನಟ್ಟನಡುವೆ 400 ಅಡಿ ಇದ್ದರೆ ಒಳ್ಳೆಯದು ಎಂದಷ್ಟೇ ಹೇಳುತ್ತದೆ. 1958ರ ಜೂನ್ 1ರ ನಂತರ ವೃತ್ತಿಪರ ಕ್ಲಬ್ಬುಗಳು ಕಟ್ಟಿದ ಅಂಕಣಗಳಿಗೆ ಮಾತ್ರ ಗೆರೆಗಳ ಮೇಲೆ 325 ಅಡಿ, ನಡುವೆ 400 ಅಡಿ ಕನಿಷ್ಠವೆಂದು ಇಟ್ಟರು. 1912ರಲ್ಲಿ ತೆರೆದ ಬೋಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ ಎಡಗಡೆಯ ಗೆರೆಗೆ 310 ಅಡಿಯಷ್ಟೇ ಜಾಗ. ಅದನ್ನು ಸರಿದೂಗಿಸುವಂತೆ ಅಲ್ಲಿ 37 ಅಡಿ ಎತ್ತರದ ಹಸಿರು ಗೋಡೆ ನಿಂತಿದೆ. ಒಂದೇ ಹೊಡೆತ ಒಂದು ಊರಿನಲ್ಲಿ ಹೋಮ್ ರನ್, ಇನ್ನೊಂದು ಊರಿನಲ್ಲಿ ಕ್ಯಾಚ್ ಆಗುವುದು ಈ ಆಟದಲ್ಲಿ ದೋಷವೆನಿಸಿಕೊಂಡಿಲ್ಲ. ಜಾಗವಿಲ್ಲವೆಂದು ಕೈಚೆಲ್ಲುವ ಶಾಲೆಗಳಿಗೆ ಇದು ಧೈರ್ಯ ಕೊಡಬೇಕಾದ ಸಂಗತಿ.

ಎಷ್ಟು ಜಾಗ ಬೇಕು ಎಂಬುದು ಅಂಕಣವನ್ನು ಹೇಗೆ ತಿರುಗಿಸುತ್ತೇವೆ ಎಂಬುದರ ಮೇಲೆ ನಿಂತಿದೆ. 325 ಮತ್ತು 400 ಅಡಿಯ ಅಂಕಣದ ಹೋಮ್ ಪ್ಲೇಟನ್ನು ಆಯತದ ಒಂದು ಬದಿಯ ನಡುವಿಗೆ ಇಟ್ಟರೆ, ಎರಡು ಫೌಲ್ ಕಂಬಗಳ ನಡುವೆಯೇ 140 ಮೀಟರ್ ಅಗಲ ಬೇಕು. ಪ್ಲೇಟಿನ ಹಿಂದಿನ ಜಾಲರಿಗೆ ನಿಯಮ ಸೂಚಿಸುವ 60 ಅಡಿ ಸೇರಿಸಿದರೆ ಉದ್ದವೂ 140 ಮೀಟರ್ ಆಗುತ್ತದೆ. ಅದು ಸುಮಾರು ನಾಲ್ಕು ಎಕರೆ 34 ಗುಂಟೆ. ಅದರ ಬದಲು ಹೋಮ್ ಪ್ಲೇಟನ್ನು ಚೌಕ ಮೈದಾನದ ಮೂಲೆಯ ಕಡೆಗಿಟ್ಟು, ಫೌಲ್ ಗೆರೆಗಳನ್ನು ಮೈದಾನದ ಎರಡು ಅಂಚುಗಳಿಗೆ ಸಮಾನಾಂತರವಾಗಿ ಎಳೆದರೆ, ನಡುವಿನ ಬಾಗುಗಳಲ್ಲಿ ಬೇಲಿ 375 ಅಡಿ ಎಂದಿಟ್ಟುಕೊಂಡರೂ, 125 ಮೀಟರ್ ಚೌಕ ಸಾಕು. ಮೂರು ಎಕರೆ 35 ಗುಂಟೆಯೊಳಗೆ ಮುಗಿಯುತ್ತದೆ. ಬರೀ ತಿರುಗಿಸಿದ್ದರಿಂದ ಹತ್ತಿರ ಹತ್ತಿರ ಒಂದು ಎಕರೆ ಉಳಿಯಿತು. ಚಾಮುಂಡಿ ವಿಹಾರದಂತಹ ಅಥ್ಲೆಟಿಕ್ಸ್ ಕ್ರೀಡಾಂಗಣಗಳಲ್ಲಿ ಯಾವ ರೀತಿಯಲ್ಲೂ ಪೂರ್ಣ ಅಂಕಣ ಹಿಡಿಸದು: ನಿಗದಿತ ಅಳತೆಯ 400 ಮೀಟರ್ ಟ್ರ್ಯಾಕಿನ ಒಳಗಿನ ಅಗಲ 73 ಮೀಟರ್ ಮಾತ್ರ.

ತಿರುಗಿಸುವಾಗ ಸೂರ್ಯನನ್ನೂ ನೋಡಬೇಕು. ಕ್ರಿಕೆಟ್ ಪಿಚ್ಚನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕುತ್ತೇವೆ. ಬೇಸ್‌ಬಾಲ್‌ನಲ್ಲಿ ಹೋಮ್‌ನಿಂದ ಎರಡನೇ ಬೇಸಿಗೆ ಹೋಗುವ ಗೆರೆ ಪೂರ್ವ ಮತ್ತು ಈಶಾನ್ಯದ ನಡುವಿನ ದಿಕ್ಕಿಗಿದ್ದರೆ ಉತ್ತಮವೆಂದು ನಿಯಮ ಹೇಳುತ್ತದೆ. ಸಂಜೆಯ ಬಿಸಿಲು ಬ್ಯಾಟರ್‌ನ ಕಣ್ಣಿಗೆ ಹೊಡೆಯಬಾರದು ಎಂಬುದು ಉದ್ದೇಶ. ಮೈಸೂರು ನಗರದ ನಡುವಿನ ಮೈದಾನಗಳಲ್ಲಿ ಇದನ್ನು ಗುರುತಿಸಲು ದಿಕ್ಸೂಚಿಯೂ ಬೇಡ: ಪ್ಲೇಟಿನ ಹಿಂದೆ ಪಿಚರ್ ಕಡೆ ಮುಖ ಮಾಡಿ ನಿಂತವರಿಗೆ ಚಾಮುಂಡಿ ಬೆಟ್ಟ ಬಲಗೈ ಪಕ್ಕಕ್ಕೆ ಕಾಣಿಸಿದರೆ ದಿಕ್ಕು ಹೆಚ್ಚುಕಡಿಮೆ ಸರಿಯಾಗಿದೆ. ಆದರೆ ಬ್ಯಾಟರ್‌ನನ್ನು ಕಾಪಾಡಿದ ಬಿಸಿಲು ಬೇರೆ ಯಾರಿಗಾದರೂ ತಾಗಲೇಬೇಕು. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಆಗ ಬಲಗಡೆಯ ಔಟ್‌ಫೀಲ್ಡರ್ ಅವನನ್ನು ನೇರವಾಗಿ ಎದುರಿಸುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಅಷ್ಟೇ ಡಿಗ್ರಿ ದಕ್ಷಿಣಕ್ಕೆ, ಅಂದರೆ ಸರಿಯಾಗಿ ಹೋಮ್ ಪ್ಲೇಟಿನ ಹಿಂದೆ ಮುಳುಗುವುದರಿಂದ ಕಷ್ಟ ಪಿಚರ್‌ಗೂ ನಡುವಿನ ಫೀಲ್ಡರ್‌ಗೂ ಬರುತ್ತದೆ. ಆ ತಿಂಗಳಲ್ಲಿ ಪಂದ್ಯವನ್ನು ಬೇಗ ಮುಗಿಸುವುದೇ ಪರಿಹಾರ. ಆಷಾಢದ ಗಾಳಿಯೂ ಪಶ್ಚಿಮದಿಂದಲೇ ಬೀಸುವುದರಿಂದ ಈ ದಿಕ್ಕಿನ ಅಂಕಣದಲ್ಲಿ ಅದು ಬ್ಯಾಟರ್‌ನ ಬೆನ್ನಿಗಿದ್ದು, ಎತ್ತರಕ್ಕೆ ಹೊಡೆದ ಚೆಂಡನ್ನು ಬೇಲಿಯ ಕಡೆಗೆ ತಳ್ಳುತ್ತದೆ.

ನಮ್ಮಲ್ಲಿ ಹುಡುಗಿಯರ ತಂಡಗಳು ಹೆಚ್ಚಾಗಿ ಆಡುವುದು ಸಾಫ್ಟ್‌ಬಾಲ್. ಅದರ ಚೌಕಕ್ಕೆ ಬದಿ 60 ಅಡಿ, ಅಂದರೆ 18.29 ಮೀಟರ್, ಕರ್ಣ 25.86 ಮೀಟರ್, 30 ಮೀಟರ್ ಟೇಪಿಗೆ ಹಿಡಿಸುತ್ತದೆ. ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಪಿಚರ್‌ನ ಅಂತರ 43 ಅಡಿ, ಅಂದರೆ 13.11 ಮೀಟರ್. ಇಲ್ಲಿ ಪಿಚರ್‌ನ ಪಟ್ಟಿ ಚೌಕದ ನಡುವಿಗಿಂತ ತುಸು ಆಚೆಗೇ ಬೀಳುತ್ತದೆ, ದಿಬ್ಬವೂ ಇರುವುದಿಲ್ಲ. ಎರಡೂ ಆಟಗಳನ್ನು ಒಂದೇ ಮೈದಾನದಲ್ಲಿ ನಡೆಸುವ ಶಾಲೆಗಳು ಕಾಯಂ ದಿಬ್ಬ ಕಟ್ಟುವ ಮುಂಚೆ ಇದನ್ನು ಯೋಚಿಸಬೇಕು: ಬೇಸ್‌ಬಾಲ್ ದಿಬ್ಬ ಹೋಮ್‌ನಿಂದ 50 ಅಡಿಗೆ ಶುರುವಾಗಿ 68 ಅಡಿಗೆ ಮುಗಿಯುತ್ತದೆ, ಸಾಫ್ಟ್‌ಬಾಲ್‌ನ ಎರಡನೇ ಬೇಸು ಬರುವುದು ಸುಮಾರು 85 ಅಡಿಗೆ, ಎಂದರೆ ದಿಬ್ಬವು ಸಾಫ್ಟ್‌ಬಾಲ್ ಪಿಚರ್ ಮತ್ತು ಎರಡನೇ ಬೇಸಿನ ನಡುವೆ, ಇನ್‌ಫೀಲ್ಡರ್‌ಗಳು ಚೆಂಡಿಗಾಗಿ ಓಡಾಡುವ ಜಾಗದಲ್ಲೇ ಕೂರುತ್ತದೆ. ಒಂದೇ ಹೋಮ್ ಪ್ಲೇಟಿನಿಂದ ಎರಡನ್ನೂ ಎಳೆಯುವುದಕ್ಕಿಂತ, ಜಾಗವಿದ್ದರೆ ಸಾಫ್ಟ್‌ಬಾಲ್‌ಗೆ ಎದುರು ಮೂಲೆಯಲ್ಲಿ ಬೇರೆ ಗೂಟ ಹೊಡೆಯುವುದೇ ಸರಿ.